ಕಾಳ್ಗಿಚ್ಚಿನಲ್ಲಿ ಸುಟ್ಟ ಊರುಗಳು: ಕೆಲವು ಬಡಾವಣೆಗಳು ಬೇಗ ಎದ್ದು ನಿಲ್ಲುವುದೇಕೆ, ಕೆಲವು ಖಾಲಿ ನಿವೇಶನಗಳಾಗಿಯೇ ಉಳಿಯುವುದೇಕೆ?

ಪ್ರಶ್ನೆ ಕೇಳಿದವರು: ಜೋಗಿಮಟ್ಟಿ ರಸ್ತೆ ನಿವಾಸಿ, ಚಿತ್ರದುರ್ಗ

ಎಲ್ಲರಿಗೂ ಶರಣು.

ನಮ್ಮ ಬಡಾವಣೆಯ ನಿವಾಸಿಗಳ ಸಂಘ ನಗರಸಭೆಗೆ ಸಲ್ಲಿಸಬೇಕೆಂದಿರುವ ಮನವಿಯೊಂದರ ಕರಡು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಊರು ಜೋಗಿಮಟ್ಟಿ ಕಾಡಿನ ಅಂಚಿನತ್ತ ಬೆಳೆಯುತ್ತಿರುವುದು ಇಲ್ಲಿಯವರಿಗೆ ಹೊಸ ಸಂಗತಿಯೇನಲ್ಲ. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಗುಡ್ಡದ ಮೇಲೆ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಯಾರೋ ಎಸೆದ ಬೀಡಿ ತುಂಡಿನಿಂದಲೋ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದರಿಂದಲೋ ಬೆಂಕಿ ಏಳುತ್ತದೆ. ಅರಣ್ಯ ಇಲಾಖೆಯ ಸಿಬ್ಬಂದಿ ಬೆಂಕಿ ರೇಖೆ ಹೊಡೆದು, ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತಾರೆ. ಸಂಘದ ಸಭೆಯಲ್ಲಿ ಬೆಂಕಿ ಬೀಳದಂತೆ ತಡೆಯುವುದರ ಬಗ್ಗೆ ಎಲ್ಲರೂ ಮಾತನಾಡಿದರು. ಮನೆಗಳೇ ಸುಟ್ಟುಹೋದರೆ ಮರುದಿನದಿಂದ ಯಾರು ಏನು ಮಾಡಬೇಕು ಎಂದು ಕೇಳಿದಾಗ ಸಭೆ ಸುಮ್ಮನಾಯಿತು.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ತಂಗಿಯ ಮಗನ ಕಾರಣದಿಂದ. ಅವನು ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದಲ್ಲಿ ಮನೆ ಕೊಂಡಿದ್ದ. 2025ರ ಜನವರಿ 7ರ ಸಂಜೆ ಹೊತ್ತಿಕೊಂಡ ಈಟನ್ ಬೆಂಕಿಯಲ್ಲಿ ಅಲ್ಲಿ 9,400ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅದೇ ದಿನ ಬೆಳಿಗ್ಗೆ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಎದ್ದ ಇನ್ನೊಂದು ಬೆಂಕಿಯಲ್ಲಿ 6,800ಕ್ಕೂ ಹೆಚ್ಚು. ಅವನ ನಿವೇಶನದ ಬೂದಿ, ಇಟ್ಟಿಗೆ, ಕಬ್ಬಿಣವನ್ನೆಲ್ಲ ಅಲ್ಲಿನ ಸೇನೆಯ ಎಂಜಿನಿಯರ್ ವಿಭಾಗದವರು ಸರ್ಕಾರದ ಖರ್ಚಿನಲ್ಲಿಯೇ ತೆರವು ಮಾಡಿಕೊಟ್ಟರು. ಅದಾದ ಮೇಲೆ ಒಂದು ಪಕ್ಕದ ಮನೆಯವರು ಗೋಡೆ ಎಬ್ಬಿಸಿದ್ದಾರೆ, ಇನ್ನೊಂದು ಪಕ್ಕದವರು ಮಾರಾಟದ ಫಲಕ ನೆಟ್ಟಿದ್ದಾರೆ, ನನ್ನ ಅಳಿಯ ಯಾವುದನ್ನೂ ನಿರ್ಧರಿಸಲಾಗದೆ ಬಾಡಿಗೆ ಮನೆಯಲ್ಲಿದ್ದಾನೆ. ಬೀದಿ ಒಂದೇ, ಬೆಂಕಿಯೂ ಒಂದೇ. ಹಾಗಿದ್ದೂ ಮೂರು ಮನೆಗಳ ಗತಿ ಮೂರು ರೀತಿಯಾಗಿದೆ.

ಇಂಥ ಬೆಂಕಿಯ ನಂತರ ಮತ್ತೆ ಕಟ್ಟಿಕೊಂಡ ಊರುಗಳನ್ನು ಹತ್ತಿರದಿಂದ ಬಲ್ಲವರು, ಇಲ್ಲವೇ ನಮ್ಮಲ್ಲಿ ಪರಿಹಾರ, ಪುನರ್ವಸತಿಯ ಕೆಲಸ ಮಾಡಿದವರು, ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ತಿಳಿಸಬೇಕು. ಅದರಲ್ಲಿ ಯಾವುದನ್ನು ಬೆಂಕಿಗೆ ಮೊದಲೇ ಸರಿಪಡಿಸಿಕೊಳ್ಳಬಹುದು ಎಂಬುದು ನನಗೆ ಮುಖ್ಯ. ಚಿತ್ರದುರ್ಗದಲ್ಲಿ ಅಷ್ಟು ದೊಡ್ಡ ಬೆಂಕಿ ಬರುತ್ತದೆಯೇ ಎಂಬ ಚರ್ಚೆಯನ್ನು ದಯವಿಟ್ಟು ಇಲ್ಲಿ ಬೆಳೆಸಬೇಡಿ. ಸಭೆಯಲ್ಲಿ ಅದು ಸಾಕಷ್ಟು ಆಗಿದೆ.

ಉತ್ತರ: ಪಿ.ಜೆ. ಬಡಾವಣೆಯಿಂದ ಬೌಲ್ಡರ್‌ಗೆ

ಸರ್, ನಾನು ಹುಟ್ಟಿ ಬೆಳೆದದ್ದು ದಾವಣಗೆರೆ. ಈಗಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು). 2021ರ ಡಿಸೆಂಬರ್ 30ರಂದು ಇಲ್ಲಿ ಎದ್ದ ಮಾರ್ಷಲ್ ಬೆಂಕಿ ಲೂಯಿವಿಲ್, ಸುಪೀರಿಯರ್ ಪಟ್ಟಣಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ನೆಲಸಮ ಮಾಡಿತು. ಅಲ್ಲಿ ಉರಿದದ್ದು ದಟ್ಟ ಕಾಡೇನೂ ಆಗಿರಲಿಲ್ಲ. ತಿಂಗಳುಗಟ್ಟಲೆ ಮಳೆಯಿಲ್ಲದೆ ಒಣಗಿದ್ದ ಹುಲ್ಲು, ಗಂಟೆಗೆ 160 ಕಿ.ಮೀ. ದಾಟಿದ ಗಾಳಿ, ಆಮೇಲೆ ಮನೆಯಿಂದ ಮನೆಗೆ ಹಾರಿದ ಕಿಡಿ, ಇಷ್ಟೇ ಸಾಕಾಯಿತು. ನಮ್ಮ ಮನೆ ಉಳಿಯಿತು, ನಮ್ಮ ಗುರುತಿನವರ ಮನೆಗಳು ಹೋದವು. ಆ ನಂತರದ ವರ್ಷಗಳಲ್ಲಿ ಅವರ ಜೊತೆ ಕಚೇರಿಯಿಂದ ಕಚೇರಿಗೆ ಅಲೆದು, ಕಾಗದಪತ್ರ ಹೊಂದಿಸಲು ನೆರವಾದ ಅನುಭವದಿಂದ ಬರೆಯುತ್ತಿದ್ದೇನೆ.

ನಿಮ್ಮ ಅಳಿಯನ ಬೀದಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಮೊದಲ ಕಾರಣ ಬಹುಮಟ್ಟಿಗೆ ವಿಮೆಯ ಮೊತ್ತವೇ ಇರಬೇಕು. ಇಲ್ಲಿ ಸಾಲದ ಮೇಲೆ ಮನೆ ಕೊಂಡವರಿಗೆ ವಿಮೆ ಕಡ್ಡಾಯ, ಆದ್ದರಿಂದ ವಿಮೆ ಇತ್ತೇ ಎಂದು ಕೇಳಿದರೆ ಹೆಚ್ಚಿನವರು ಇತ್ತೆಂದೇ ಹೇಳುತ್ತಾರೆ. ಆದರೆ ಆ ಮೊತ್ತ ಹಲವು ವರ್ಷಗಳ ಹಿಂದಿನ ನಿರ್ಮಾಣ ವೆಚ್ಚದ ಲೆಕ್ಕದ್ದಾಗಿರುತ್ತದೆ. ಸಾವಿರ ಕುಟುಂಬಗಳು ಒಂದೇ ಹೊತ್ತಿಗೆ ಅದೇ ಬಡಗಿಯನ್ನು, ಅದೇ ಮರಮುಟ್ಟನ್ನು, ಅದೇ ಗುತ್ತಿಗೆದಾರನನ್ನು ಹುಡುಕಿಕೊಂಡು ಹೊರಟಾಗ ಚದರಡಿಯ ದರ ಎಲ್ಲಿಗೆ ಏರುತ್ತದೆ ಎಂಬುದನ್ನು ಆ ಲೆಕ್ಕ ಹಾಕಿದವರು ಊಹಿಸಿರುವುದಿಲ್ಲ. ಮಾರ್ಷಲ್ ಬೆಂಕಿಯ ನಂತರ ಅನೇಕ ಕುಟುಂಬಗಳಿಗೆ ಒಂದು ಲಕ್ಷ, ಎರಡು ಲಕ್ಷ ಡಾಲರ್‌ಗಳ ಕೊರತೆ ಬಿದ್ದಿತು. ಸಾಲ ಬಾಕಿಯಿದ್ದವರ ವಿಮೆ ಹಣಕ್ಕೆ ಬ್ಯಾಂಕಿನ ಹಿಡಿತವೂ ಇರುತ್ತದೆ. ಕೆಲಸ ಒಂದು ಹಂತಕ್ಕೆ ಬಂದಿದೆಯೆಂದು ತೋರಿಸಿದ ಮೇಲೆಯೇ ಮುಂದಿನ ಕಂತು ಕೈಗೆ ಬರುತ್ತದೆ.

ಎರಡನೆಯದು ಮನೆಯೊಳಗಿನ ವಸ್ತುಗಳ ಪಟ್ಟಿ. ಸುಟ್ಟ ಮನೆಯಲ್ಲಿ ಏನೇನಿತ್ತು, ಯಾವಾಗ ಕೊಂಡದ್ದು, ಬೆಲೆ ಎಷ್ಟು ಎಂದು ಚಮಚದಿಂದ ಹಿಡಿದು ಬರೆದುಕೊಡಬೇಕೆಂದು ವಿಮಾ ಕಂಪನಿಗಳು ಕೇಳುತ್ತವೆ. ತಾಯಿಯ ಸೀರೆ, ಮಕ್ಕಳ ಚಿತ್ರಗಳು, ದೇವರ ಮನೆಯ ಬೆಳ್ಳಿ ದೀಪ ಇವನ್ನು ಒಂದೊಂದಾಗಿ ನೆನಪಿಸಿಕೊಂಡು ಬೆಲೆ ಕಟ್ಟುವ ಕೆಲಸದಲ್ಲಿ ಗಟ್ಟಿ ಮನಸ್ಸಿನವರೂ ಕುಸಿಯುವುದನ್ನು ನೋಡಿದ್ದೇನೆ. 2022ರಲ್ಲಿ ಕೊಲರಾಡೊ ಒಂದು ಕಾನೂನು ಮಾಡಿ, ವಿಪತ್ತೆಂದು ಘೋಷಿತವಾದ ಕಾಳ್ಗಿಚ್ಚಿನಲ್ಲಿ ಮನೆ ಪೂರ್ತಿ ಹೋದರೆ ಪಟ್ಟಿ ಕೇಳದೆಯೇ ವಸ್ತುಗಳ ವಿಮೆಯ ಶೇ. 65ರಷ್ಟನ್ನು ಕೊಡಬೇಕೆಂದು ವಿಧಿಸಿತು. ಜನರ ಒತ್ತಾಯದಿಂದ ಬಂದ ಸುಧಾರಣೆಗಳಲ್ಲಿ ನನಗೆ ಅತ್ಯಂತ ಮಾನವೀಯವೆನಿಸಿದ್ದು ಇದೇ.

ನಿಮ್ಮ ಸಂಘಕ್ಕೆ ನೇರವಾಗಿ ಉಪಯೋಗಕ್ಕೆ ಬರುವುದು ಮೂರನೆಯ ಸಂಗತಿ. 2017ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ನಗರದಲ್ಲಿ ಟಬ್ಸ್ ಬೆಂಕಿ ಆರು ಪಥಗಳ ಹೆದ್ದಾರಿಯನ್ನು ದಾಟಿ, ಯಾರೂ ಅಪಾಯದ ವಲಯವೆಂದು ಎಣಿಸಿರದ ಕಾಫಿ ಪಾರ್ಕ್ ಬಡಾವಣೆಯ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಹೆಸರು ನೋಡಿ ನಮ್ಮ ಚಿಕ್ಕಮಗಳೂರನ್ನು ನೆನಪಿಸಿಕೊಳ್ಳಬೇಡಿ, ಅದು ಒತ್ತೊತ್ತಾಗಿ ಮನೆಗಳಿರುವ ಸಾಧಾರಣ ಮಧ್ಯಮ ವರ್ಗದ ಬಡಾವಣೆ. ಅಲ್ಲಿಯವರು ಕೆಲವೇ ವಾರಗಳಲ್ಲಿ ಬೀದಿಗೊಬ್ಬ ಪ್ರತಿನಿಧಿಯನ್ನು ಗೊತ್ತುಮಾಡಿಕೊಂಡರು. ಚದುರಿಹೋದ ನೆರೆಯವರ ಫೋನ್ ನಂಬರ್ ಕಲೆಹಾಕುವುದು, ನಗರ ಕಚೇರಿಯ ಸುದ್ದಿಯನ್ನು ಬೀದಿಗೂ ಬೀದಿಯ ಕಷ್ಟವನ್ನು ಕಚೇರಿಗೂ ಮುಟ್ಟಿಸುವುದು ಪ್ರತಿನಿಧಿಯ ಕೆಲಸ. ಎಷ್ಟೋ ಕುಟುಂಬಗಳು ಒಬ್ಬನೇ ಗುತ್ತಿಗೆದಾರನ ಬಳಿ, ಕೆಲವೇ ನಕ್ಷೆಗಳಲ್ಲಿ ಆರಿಸಿಕೊಂಡು ಕಟ್ಟಿಸಿದ್ದರಿಂದ ವೆಚ್ಚವೂ ಸಮಯವೂ ಉಳಿಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮನೆಗಳು ಎದ್ದಿದ್ದವು. ಅದೇ ಕ್ರಮವನ್ನು ನಮ್ಮ ಕೌಂಟಿಯವರು ಅವರಿಂದಲೇ ಕೇಳಿ ತಿಳಿದುಕೊಂಡರು. ಈಗ ಆಲ್ಟಡೀನಾದಲ್ಲಿಯೂ ಅಂಥ ಪ್ರತಿನಿಧಿಗಳಿದ್ದಾರೆ.

ಮನೆ ಉಳಿದವರೆಲ್ಲ ಪಾರಾದರೆಂದು ಭಾವಿಸಬೇಡಿ. ಹೊಗೆ, ಮಸಿ, ಕರಗಿದ ಪ್ಲಾಸ್ಟಿಕ್‌ನ ವಾಸನೆ ಗೋಡೆಯೊಳಗೆ ಇಳಿದು ನಿಂತ ಮನೆಗಳಲ್ಲಿ ವಾಸಿಸಲು ಎಷ್ಟೋ ತಿಂಗಳು ಆಗುವುದಿಲ್ಲ. ಪರಿಹಾರದ ಸಾಲಿನಲ್ಲಿ ಅವರಿಗೆ ಕೊನೆಯ ಜಾಗ.

ಉತ್ತರ: ನಿವೃತ್ತ ಶಿರಸ್ತೇದಾರ, ದಾವಣಗೆರೆ

ಮೇಡಂ ಅವರು ವಿಮೆಯಿಂದ ಆರಂಭಿಸಿದರು. ನಾನು ತಾಲ್ಲೂಕು ಕಚೇರಿಯಲ್ಲಿ ಸೇವೆ ಸಲ್ಲಿಸಿದವನಾದ್ದರಿಂದ ಕಾಗದದಿಂದಲೇ ಆರಂಭಿಸಬೇಕು.

ನಮ್ಮಲ್ಲಿ ಮನೆಗೆ ವಿಮೆ ಮಾಡಿಸಿದವರು ವಿರಳ. ಮನೆ ಹೋದರೆ ಜನ ನೋಡುವುದು ಸರ್ಕಾರದ ಕಡೆಗೆ. ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಪ್ರವಾಹ, ಬರ, ಭೂಕಂಪಗಳ ಜೊತೆ ಬೆಂಕಿಯೂ ಇದೆ ಎಂಬುದು ಅನೇಕರಿಗೆ ತಿಳಿಯದು. 2022ರಿಂದ 2026ರ ಅವಧಿಯ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂಪಾಯಿ, ಗುಡಿಸಲಿಗೆ 8,000 ರೂಪಾಯಿ. 2019ರ ನೆರೆಯ ನಂತರ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದು ತಳಪಾಯ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ, ಫೋಟೊ ತೆಗೆದು ದಾಖಲಿಸಿದಂತೆಲ್ಲ ಬಿಡುಗಡೆಯಾಗುವ ಹಣ. ಹೊನ್ನಾಳಿ, ಹರಿಹರದ ಹೊಳೆದಂಡೆಯಲ್ಲಿ ಆಗ ಮಹಜರು ನಡೆಯುತ್ತಿದ್ದಾಗ ನಾನು ಕಂಡದ್ದು ಇಷ್ಟು: ಮನೆ ಬಿದ್ದಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅದು ಯಾರ ಮನೆ ಎಂಬುದರಲ್ಲಿಯೇ ತಕರಾರು. ತಾತನ ಹೆಸರಿನಲ್ಲಿರುವ ಖಾತೆ, ಮೂವರು ಅಣ್ಣತಮ್ಮಂದಿರು, ಬೆಂಗಳೂರಿನಲ್ಲಿರುವ ಒಬ್ಬನ ಸಹಿ ಇಲ್ಲ, ಮದುವೆಯಾದ ತಂಗಿಯ ಒಪ್ಪಿಗೆ ಇಲ್ಲ. ಪರಿಹಾರ ಅಲ್ಲಿಯೇ ನಿಲ್ಲುತ್ತದೆ.

ಇದು ನಮ್ಮ ದೇಶಕ್ಕೆ ಸೀಮಿತವಾದ ರೋಗವೆಂದು ತಿಳಿದಿದ್ದೆ. ಆಲ್ಟಡೀನಾದ ವರದಿಗಳನ್ನು ಓದಿದಾಗ, ಅಲ್ಲಿ ತಲೆತಲಾಂತರದಿಂದ ಬಂದ ಕಪ್ಪು ಜನಾಂಗದವರ ಮನೆಗಳಲ್ಲಿಯೂ ಇದೇ ಕಥೆ ಕಂಡಿತು. ಅಜ್ಜಿಯ ಹೆಸರಿನಿಂದ ಮೊಮ್ಮಕ್ಕಳಿಗೆ ದಾಖಲೆ ವರ್ಗವಾಗಿಲ್ಲ; ಸಾಲ ಎಂದೋ ತೀರಿರುವುದರಿಂದ ವಿಮೆ ಕಟ್ಟಿರೆಂದು ಒತ್ತಾಯಿಸುವ ಬ್ಯಾಂಕೂ ಇಲ್ಲ.

ಕೆನಡಾದ ಲಿಟನ್ ಎಂಬ ಹಳ್ಳಿಯ ಪ್ರಸಂಗ ಇನ್ನೂ ವಿಚಿತ್ರವಾದದ್ದು. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಉಷ್ಣಾಂಶ ದಾಖಲಾಯಿತು, ಮರುದಿನ ಊರು ಬಹುತೇಕ ಸುಟ್ಟುಹೋಯಿತು. ಮನೆಗಳ ಜೊತೆ ಹಳ್ಳಿಯ ಆಡಳಿತ ಕಚೇರಿಯ ಕಡತಗಳೂ, ಕಂಪ್ಯೂಟರಿನಲ್ಲಿದ್ದ ಅವುಗಳ ನಕಲುಗಳೂ, ಊರಿನ ಉಪನಿಯಮಗಳೂ ಬೂದಿಯಾದವು. ಯಾವ ನಿಯಮದ ಮೇಲೆ ಕಟ್ಟಡಕ್ಕೆ ಅನುಮತಿ ಕೊಡಬೇಕು ಎಂಬುದನ್ನೇ ಮತ್ತೆ ಬರೆಯಬೇಕಾಯಿತು. ನೆಲದಡಿಯಲ್ಲಿ ಮೂಲನಿವಾಸಿಗಳ ಪ್ರಾಚೀನ ಅವಶೇಷಗಳಿರುವುದರಿಂದ ಅಗೆಯುವ ಮೊದಲು ಪುರಾತತ್ವ ಪರಿಶೀಲನೆಯೂ ಅಗತ್ಯವಾಗಿತ್ತು. ವರ್ಷಗಳೇ ಉರುಳಿದವು. ಕೋಟೆಯ ಊರಿನವರಾದ ನಿಮಗೆ ಈ ಕೊನೆಯ ಮಾತು ಬೇಗ ಅರ್ಥವಾದೀತು.

ಆದ್ದರಿಂದ ನಿಮ್ಮ ಮನವಿಯಲ್ಲಿ ನಗರಸಭೆಗೆ ಕೇಳುವುದಕ್ಕಿಂತ ಮೊದಲು ನಿಮ್ಮವರೇ ಮಾಡಿಕೊಳ್ಳಬೇಕಾದದ್ದನ್ನು ಬರೆಯಿರಿ. ತೀರಿಹೋದವರ ಹೆಸರಿನಲ್ಲಿ ಖಾತೆ ಇರುವ ಮನೆಗಳನ್ನು ಗುರುತಿಸಿ ವಾರಸುದಾರರ ಹೆಸರಿಗೆ ಮಾಡಿಸುವುದು, ಇ-ಖಾತೆಯಲ್ಲಿ ಅಳತೆ, ಚೆಕ್ಕುಬಂದಿ ಸರಿಯಿದೆಯೇ ನೋಡುವುದು, ಕ್ರಯಪತ್ರದ ನಕಲನ್ನು ಬೇರೆ ಊರಿನ ನೆಂಟರ ಮನೆಯಲ್ಲಿಯೂ ಡಿಜಿಲಾಕರ್‌ನಲ್ಲಿಯೂ ಇಡುವುದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿದ್ದರೆ, ಅಂಥ ಮನೆಗಳನ್ನು ಸಕ್ರಮ ಮಾಡಿಸಿಕೊಳ್ಳುವ 94-ಸಿಸಿ ಅರ್ಜಿಗಳು ಯಾವ ಹಂತದಲ್ಲಿವೆ ಎಂದು ವಿಚಾರಿಸುವುದು. ಹಕ್ಕುಪತ್ರವಿಲ್ಲದವನ ಮನೆ ಸುಟ್ಟಾಗ ಕಂದಾಯ ನಿರೀಕ್ಷಕರಿಗೆ ಎಷ್ಟೇ ಕನಿಕರವಿದ್ದರೂ ಅವರ ನಮೂನೆಯಲ್ಲಿ ಕನಿಕರಕ್ಕೆ ಕಾಲಂ ಇಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2009ರ ಫೆಬ್ರುವರಿ 7ರ ಬೆಂಕಿ 173 ಜನರನ್ನು ಬಲಿ ತೆಗೆದುಕೊಂಡ ನಂತರ, ಸಂತ್ರಸ್ತ ಕುಟುಂಬಗಳಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ಹಚ್ಚಿಕೊಟ್ಟರು. ಯಾವ ಕಚೇರಿಗೆ ಯಾವ ಅರ್ಜಿ ಎಂಬ ತಲೆನೋವು ಕುಟುಂಬದ ಮೇಲೆ ಬೀಳದಂತೆ ಆ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳಬೇಕು. ನಮ್ಮ ಕಚೇರಿಗಳಲ್ಲಿ ಇರುವ ಸಿಬ್ಬಂದಿಯಲ್ಲಿಯೇ ಇದನ್ನು ಮಾಡಬಹುದು ಎಂಬುದು ನನ್ನ ಅಭಿಪ್ರಾಯ, ಮಾಡುವ ಮನಸ್ಸಿರಬೇಕು.

ಉತ್ತರ: ಸಿವಿಲ್ ಮೇಷ್ಟ್ರು, ವಿದ್ಯಾನಗರ

ಬೆಂಕಿ ಬರುತ್ತದೆಯೇ ಎಂಬ ಚರ್ಚೆ ಬೇಡವೆಂದು ಕೇಳಿದವರು ಹೇಳಿದ್ದಾರೆ. ಆದರೂ ಒಂದು ಮಾತು ಹೇಳದಿದ್ದರೆ ಮನವಿ ದಾರಿ ತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಿಡೀ ಒಣಗಿದ ಗಿಡಗಂಟಿಗಳ ಮೇಲೆ, ಮಳೆ ಬೀಳುವ ಮುನ್ನವೇ, ಒಳನಾಡಿನಿಂದ ಒಣ ಬಿರುಗಾಳಿ ನುಗ್ಗುತ್ತದೆ. ಚಿತ್ರದುರ್ಗದಲ್ಲಿ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಆಷಾಢದ ಗಾಳಿಗೆ. ಅಷ್ಟರಲ್ಲಿ ಮುಂಗಾರಿನ ಹನಿ ಬಿದ್ದು ಗುಡ್ಡ ಹಸುರಾಗಿರುತ್ತದೆ. ಒಣ ಹುಲ್ಲಿನ ಕಾಲವೂ ಬಿರುಗಾಳಿಯ ಕಾಲವೂ ಒಂದರ ಮೇಲೊಂದು ಬೀಳದಿರುವುದೇ ನಮ್ಮ ಪುಣ್ಯ. ಮುಂಗಾರು ತಡವಾಗಿ ಗಾಳಿ ಮಾತ್ರ ಮೊದಲೇ ಬಂದ ವರ್ಷ ಆ ಪುಣ್ಯವನ್ನು ನೆಚ್ಚಿಕೊಳ್ಳುವಂತಿಲ್ಲ.

ನಮ್ಮದು ಆರ್‌ಸಿಸಿ ಮನೆ, ಮರದ ಮನೆಯಲ್ಲ, ಸುಡುವುದಿಲ್ಲ ಎಂಬ ಧೈರ್ಯ ನಿಮ್ಮ ಸಭೆಯಲ್ಲಿ ಖಂಡಿತ ಕೇಳಿಬಂದಿರಬೇಕು. 2018ರ ಜುಲೈ 23ರಂದು ಗ್ರೀಸ್‌ನ ಮಾಟಿಯಲ್ಲಿ 104 ಜನ ಸತ್ತರು. ಅಲ್ಲಿಯ ಮನೆಗಳಲ್ಲಿ ಹೆಚ್ಚಿನವು ನಮ್ಮಂತೆಯೇ ಕಾಂಕ್ರೀಟು, ಇಟ್ಟಿಗೆಯವು. ಕಿಟಕಿಯ ಗಾಜು ಒಡೆದು ಕಿಡಿ ಒಳಹೊಕ್ಕರೆ ಹಾಸಿಗೆ, ಪರದೆ, ಕಪಾಟುಗಳು ಉರಿಯುತ್ತವೆ. ಗೋಡೆ, ಚಾವಣಿ ನಿಂತೇ ಇರುತ್ತವೆ, ಅಪಾಯವಿರುವುದೂ ಅದರಲ್ಲಿಯೇ. ಕಾಂಕ್ರೀಟು ಸುಮಾರು 300 ಡಿಗ್ರಿ ದಾಟಿದಾಗ ಅನೇಕ ವೇಳೆ ನಸುಗೆಂಪಿಗೆ ತಿರುಗುತ್ತದೆ, ಅಲ್ಲಿಂದ ಮುಂದೆ ಅದರ ಶಕ್ತಿ ಕುಗ್ಗುತ್ತಾ ಹೋಗುತ್ತದೆ. 600 ಡಿಗ್ರಿಯ ಹೊತ್ತಿಗೆ ಕಬ್ಬಿಣದ ಸರಳೂ ನಂಬಿಕೆಗೆ ಅರ್ಹವಲ್ಲ. ಸುಣ್ಣ ಬಳಿದು ಒಳಗೆ ಹೋಗುವ ಮುನ್ನ ಎಂಜಿನಿಯರ್ ಬಂದು ತಟ್ಟಿ, ಕೊರೆದು ಪರೀಕ್ಷಿಸಬೇಕು. ಆ ಪರೀಕ್ಷೆ ಉಚಿತವಾಗಿ ಆಗುವಂತೆ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಪಾಲಿಕೆಗೂ ನಗರಸಭೆಗೂ ಕಷ್ಟದ ಕೆಲಸವಲ್ಲ.

ಕುಡಿಯುವ ನೀರಿನ ವಿಷಯ ಇದಕ್ಕಿಂತ ಗಂಭೀರ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಕ್ಯಾಂಪ್ ಬೆಂಕಿಯಲ್ಲಿ 85 ಜನ ತೀರಿಕೊಂಡರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಬೆಂಕಿ ಆರಿದ ಮೇಲೆ ನಲ್ಲಿಯ ನೀರಿನಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಪತ್ತೆಯಾಯಿತು. ಸಾಂಟಾ ರೋಸಾದಲ್ಲಿ ಹಿಂದಿನ ವರ್ಷವೇ ಅದು ಕಂಡಿತ್ತು. ಮನೆಗಳು ಸುಟ್ಟಾಗ ನಲ್ಲಿ ಸಂಪರ್ಕಗಳು ಒಡೆದು ನೀರು ಸುರಿಯುತ್ತದೆ, ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಹೊಗೆಯೂ ಸುಟ್ಟ ಪ್ಲಾಸ್ಟಿಕ್ಕಿನ ಆವಿಯೂ ಅದರೊಳಗೆ ನುಗ್ಗುತ್ತವೆ. ಕಾದ ಪ್ಲಾಸ್ಟಿಕ್ ಕೊಳವೆಯಿಂದಲೂ ವಿಷ ಬಿಡುತ್ತದೆ. ಅದು ಕೊಳವೆಯ ಗೋಡೆಯೊಳಗೆ ಇಂಗಿ ತಿಂಗಳುಗಟ್ಟಲೆ ನೀರಿಗೆ ಇಳಿಯುತ್ತಿರುತ್ತದೆ. ಇಂಥ ನೀರನ್ನು ಕುದಿಸಬಾರದು, ಕುದಿಸಿದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ನಮ್ಮಲ್ಲಿ ಯಾವ ಅನಾಹುತವಾದರೂ ಮೊದಲು ಸಾರುವುದು ‘ನೀರನ್ನು ಕುದಿಸಿ ಕುಡಿಯಿರಿ’ ಎಂದೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ಬರುವ ನೀರು ಎಷ್ಟೇ ಶುದ್ಧವಾಗಿದ್ದರೂ ಬೀದಿಯ ಕೊಳವೆ ಮತ್ತು ತಾರಸಿಯ ಪ್ಲಾಸ್ಟಿಕ್ ಟ್ಯಾಂಕು ಕೆಟ್ಟಿದ್ದರೆ ಪ್ರಯೋಜನವಿಲ್ಲ. ಬೀದಿ ಬೀದಿಗೆ ಕವಾಟ ಇದ್ದು, ಸುಟ್ಟ ಭಾಗವನ್ನು ಬೇರ್ಪಡಿಸಲು ಬರುವಂತಿದ್ದರೆ ಉಳಿದ ಊರಿಗೆ ನೀರು ಬೇಗ ಕೊಡಬಹುದು.

ಮರಳಿ ಕಟ್ಟುವಾಗ ಹಳೆಯದರಂತೆಯೇ ಕಟ್ಟಬೇಕೆ, ಬೇರೆ ರೀತಿ ಕಟ್ಟಬೇಕೆ ಎಂಬುದರ ಮೇಲೆ ಎಲ್ಲ ಊರುಗಳಲ್ಲಿಯೂ ಜಗಳವಾಗಿದೆ. 2008ರಿಂದ ಕ್ಯಾಲಿಫೋರ್ನಿಯಾದ ಅಪಾಯದ ವಲಯಗಳಲ್ಲಿ ಬಿಗಿಯಾದ ನಿರ್ಮಾಣ ನಿಯಮಗಳಿವೆ. ಅನಂತರ ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾಂಪ್ ಬೆಂಕಿಯಲ್ಲಿ ಉಳಿದವು, ಹಳೆಯವುಗಳಲ್ಲಿ ಐದರಲ್ಲಿ ಒಂದೂ ಉಳಿಯಲಿಲ್ಲ. ಹೊಸ ಪ್ಯಾರಡೈಸ್‌ನಲ್ಲಿ ಮನೆಯ ಸುತ್ತ ಐದು ಅಡಿ ಸುಡುವ ವಸ್ತು ಯಾವುದೂ ಇರಬಾರದು. ಅದನ್ನು ನಮ್ಮ ಬಡಾವಣೆಗೆ ತಂದರೆ, ಕಾಂಪೌಂಡಿಗೆ ಒರಗಿಸಿದ ಸೌದೆ, ತೆಂಗಿನ ಗರಿ, ಖಾಲಿ ನಿವೇಶನದಲ್ಲಿ ಆಳೆತ್ತರ ಬೆಳೆದ ಹುಲ್ಲು ಇವೇ ಮೊದಲ ಲೆಕ್ಕಕ್ಕೆ ಬರುತ್ತವೆ. ಖಾಲಿ ನಿವೇಶನದ ಮಾಲೀಕರು ಬೇರೆ ಊರಿನಲ್ಲಿರುತ್ತಾರೆ ಎಂಬುದು ನನಗೂ ಗೊತ್ತು.

ಉತ್ತರ: ಮಂಡಕ್ಕಿ ಭಟ್ಟಿ ಕಡೆಯವನು, ದಾವಣಗೆರೆ

ಹಿರಿಯರು ಬೇಸರಿಸಬಾರದು. ಇಷ್ಟು ಹೊತ್ತು ಓದಿದ್ದರಲ್ಲಿ ನಿವೇಶನ, ಖಾತೆ, ವಿಮೆ, ಕಾಂಪೌಂಡು ಎಲ್ಲವೂ ಬಂದವು. ಬಾಡಿಗೆಗಿರುವವರು ಎಲ್ಲಿಯೂ ಬರಲಿಲ್ಲ.

ಹವಾಯಿಯ ಲಹೈನಾದಲ್ಲಿ 2023ರ ಆಗಸ್ಟ್ 8ರಂದು 102 ಜನ ಸತ್ತರು, 2,200ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಮುಚ್ಚಿಹೋದ ಕಬ್ಬಿನ ತೋಟಗಳಲ್ಲಿ ಬೆಳೆದ ಹುಲ್ಲು, ಬಿರುಗಾಳಿಗೆ ಬಿದ್ದ ವಿದ್ಯುತ್ ತಂತಿಯಿಂದ ಬೆಳಿಗ್ಗೆ ಹೊತ್ತಿ, ಆರಿತೆಂದುಕೊಂಡ ಮೇಲೆ ಮಧ್ಯಾಹ್ನ ಮತ್ತೆ ಎದ್ದ ಬೆಂಕಿ ಅದು. ಅಲ್ಲಿ ವಾಸವಿದ್ದವರಲ್ಲಿ ದೊಡ್ಡ ಪಾಲು ಹೋಟೆಲುಗಳಲ್ಲಿ ದುಡಿಯುವ ಬಾಡಿಗೆದಾರರು. ಮನೆಯ ಮಾಲೀಕನಿಗೆ ವಿಮೆಯ ಹಣ ಬಂದು, ಅವನು ಮತ್ತೆ ಕಟ್ಟಿಸಿದರೂ ಹಳೆಯ ಬಾಡಿಗೆದಾರ ಅಲ್ಲಿಗೆ ಮರಳುತ್ತಾನೆಂಬ ಖಾತರಿಯಿಲ್ಲ, ಹೊಸ ಮನೆಗೆ ಬಾಡಿಗೆಯೂ ಹೊಸದು. ಭೂಮಿ ಹೊರಗಿನ ಹಣವಂತರ ಪಾಲಾಗುತ್ತದೆಂಬ ಭಯದಿಂದ ಊರಿನವರೇ ಒಂದು ಭೂ ಟ್ರಸ್ಟ್ ಕಟ್ಟಿ, ಮಾರಲೇಬೇಕಾದವರ ಜಾಗವನ್ನು ಕೊಂಡು ಸ್ಥಳೀಯರಿಗೇ ಉಳಿಸುವ ಪ್ರಯತ್ನಕ್ಕೆ ಇಳಿದರು. ಪ್ಯಾರಡೈಸ್‌ನಲ್ಲಿಯೂ ಅಗ್ಗದ ಬಾಡಿಗೆಗೆ ಸಿಗುತ್ತಿದ್ದ ಸಂಚಾರಿ ಮನೆಗಳ ತಾಣಗಳಲ್ಲಿ ಎಷ್ಟೋ ಮರಳಿ ಏಳಲಿಲ್ಲ. ಮೊದಲು 26,000ದಷ್ಟಿದ್ದ ಜನಸಂಖ್ಯೆ ಇಂದಿಗೂ ಅದರ ಅರ್ಧವನ್ನು ಮುಟ್ಟಿಲ್ಲ.

ಚಿಲಿಯ ವಾಲ್ಪರೈಸೊ ಗುಡ್ಡಗಳಲ್ಲಿ 2014ರ ಏಪ್ರಿಲ್‌ನಲ್ಲಿ ಸುಮಾರು 2,900 ಮನೆಗಳು ಸುಟ್ಟಾಗ ಅವುಗಳಲ್ಲಿ ಎಷ್ಟೋ ಕಣಿವೆಗಳ ಅಂಚಿನಲ್ಲಿ ಬಡವರು ತಾವೇ ಕಟ್ಟಿಕೊಂಡವು. ಸರ್ಕಾರದ ಯೋಜನೆ ಬರುವವರೆಗೆ ಕಾಯಲು ಅವರಿಗೆ ಸಾಧ್ಯವಿರಲಿಲ್ಲ; ತಗಡು, ಹಲಗೆ ತಂದು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. ಬೇಗ ಎದ್ದ ಬಡಾವಣೆ ಯಾವುದು ಎಂದು ಕೇಳಿದರೆ ಅದೂ ಬೇಗ ಎದ್ದದ್ದೇ. 2024ರ ಫೆಬ್ರುವರಿಯಲ್ಲಿ ಅದೇ ಪ್ರದೇಶದ ವಿನ್ಯಾ ದೆಲ್ ಮಾರ್, ಕಿಲ್ಪುಯೆ ಕಡೆ ಬಂದ ಬೆಂಕಿ ನೂರಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಹೀಗಾಗಿ ಬೇಗ ಕಟ್ಟಿದ್ದನ್ನೇ ಚೇತರಿಕೆಯ ಅಳತೆಗೋಲಾಗಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ನಿಜವಾಗಿ ಬೆಂಕಿಗೆ ಹೆದರಬೇಕಾದವರು ಭಟ್ಟಿಯ ಪಕ್ಕದ ತಗಡಿನ ಮನೆಗಳವರು, ಗುಜರಿ ಗೋದಾಮಿನ ಹಿಂದೆ ಇರುವವರು, ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಮಲಗುವವರು. ಸುಟ್ಟರೆ ಅವರ ಮನೆಯ ಜೊತೆ ದುಡಿಮೆಯೂ ಹೋಗುತ್ತದೆ, ಮಹಜರಿನಲ್ಲಿ ಹೆಸರು ಬರುವುದು ಜಾಗದ ಮಾಲೀಕರದ್ದು. ಜೋಗಿಮಟ್ಟಿಯ ಕೆಳಗೂ ಬಾಡಿಗೆಯವರು, ಮನೆಗೆಲಸದವರು ಇರಬೇಕಲ್ಲವೇ? ನಿಮ್ಮ ಸಂಘದ ಸದಸ್ಯತ್ವ ನಿವೇಶನದಾರರಿಗೆ ಮಾತ್ರವೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಜೋಗಿಮಟ್ಟಿ ರಸ್ತೆ ನಿವಾಸಿ, ಚಿತ್ರದುರ್ಗ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯಲ್ಲಿ ಬರೆದ ತಮ್ಮಂದಿರ ಪ್ರಶ್ನೆಗೆ ಉತ್ತರ: ಹೌದು, ನಮ್ಮ ಬೈಲಾದ ಪ್ರಕಾರ ನಿವೇಶನದಾರರು ಮಾತ್ರ ಸದಸ್ಯರು. ಬೀದಿಗೊಬ್ಬ ಪ್ರತಿನಿಧಿ ಎಂಬ ಸಲಹೆಯನ್ನು ಕರಡಿಗೆ ಸೇರಿಸುತ್ತಿದ್ದೇನೆ. ಆ ಪ್ರತಿನಿಧಿಯ ಪಟ್ಟಿಯಲ್ಲಿ ಬಾಗಿಲಿಗೊಂದರಂತೆ, ಅಂದರೆ ಒಂದೇ ಮನೆಯ ಮೇಲೆ ಕೆಳಗೆ ಬಾಡಿಗೆಗಿರುವ ಪ್ರತಿ ಸಂಸಾರಕ್ಕೂ, ಹೆಸರು ಇರಬೇಕೆಂದು ಬರೆದಿದ್ದೇನೆ. ಬೈಲಾ ತಿದ್ದುವುದು ವಾರ್ಷಿಕ ಸಭೆಯ ಕೆಲಸ, ಅಲ್ಲಿ ಗದ್ದಲವಾಗುತ್ತದೆ, ಆಗಲಿ. ವಾರಸಾ ಖಾತೆಗಾಗಿ ಒಂದು ದಿನದ ಶಿಬಿರ ನಡೆಸಿಕೊಡಿರೆಂದು ನಗರಸಭೆಯನ್ನು ಕೇಳಲಾಗುವುದು. ಕುದಿಸಿದ ನೀರಿನ ವಿಷಯ ನಮ್ಮ ಮನೆಯಲ್ಲಿಯೇ ಯಾರೂ ನಂಬಲಿಲ್ಲ, ಮೇಷ್ಟ್ರ ಬರಹವನ್ನು ಓದಿ ತೋರಿಸಬೇಕಾಯಿತು.

ಬೌಲ್ಡರ್‌ನ ತಂಗಿಗೆ ಒಂದು ಪ್ರಶ್ನೆ. ಅಳಿಯನಿಗೆ ನಿವೇಶನ ಕೊಳ್ಳುವವರಿಂದ ಕರೆಗಳು ಬರುತ್ತಲೇ ಇವೆಯಂತೆ. ಮಾರಿ ಬೇರೆ ಊರಿಗೆ ಹೋಗುವುದು ಸೋಲೆಂದು ಅವನೂ, ಉಳಿಯುವುದು ಹಟವೆಂದು ಅವನ ಹೆಂಡತಿಯೂ ವಾದಿಸುತ್ತಿದ್ದಾರೆ. ನೀವು ಕಂಡವರು ಏನು ಮಾಡಿದರು?

ಉತ್ತರ: ಪಿ.ಜೆ. ಬಡಾವಣೆಯಿಂದ ಬೌಲ್ಡರ್‌ಗೆ

ಅಣ್ಣಾವ್ರೇ, ಎರಡನ್ನೂ ಮಾಡಿದವರಿದ್ದಾರೆ. ವಯಸ್ಸಾದವರು ಮೂರು ವರ್ಷ ಕಟ್ಟಡದ ಕೆಲಸ ನೋಡಿಕೊಳ್ಳಲಾರೆವೆಂದು ಮಾರಿದರು, ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಉಳಿದವರಲ್ಲಿ ಕೆಲವರು ಹೊಸ ಮನೆಗೆ ಬಂದ ಮೇಲೂ ಗಾಳಿ ಬೀಸಿದ ರಾತ್ರಿ ನಿದ್ದೆ ಮಾಡುವುದಿಲ್ಲ. ವಿಕ್ಟೋರಿಯಾದ ಬೆಂಕಿಯ ನಂತರ ಮೆಲ್ಬರ್ನ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ, ಒಂದೋ ಎರಡೋ ಸ್ಥಳೀಯ ಗುಂಪುಗಳಲ್ಲಿ ತೊಡಗಿಕೊಂಡವರ ಮನಸ್ಸಿನ ಆರೋಗ್ಯ ಹೆಚ್ಚು ಚೇತರಿಸಿಕೊಂಡಿತ್ತೆಂದು ಕಂಡುಬಂದಿದೆ.

ಹೆಂಡತಿ, ಗಂಡ ಇಬ್ಬರೂ ವಾದವನ್ನು ಸದ್ಯಕ್ಕೆ ಬದಿಗಿಟ್ಟು ಲೆಕ್ಕ ನೋಡಲಿ. ಬೆಂಕಿಯಾದ ವಾರದಲ್ಲಿಯೇ ಕ್ಯಾಲಿಫೋರ್ನಿಯಾದ ರಾಜ್ಯಪಾಲರು, ಸುಟ್ಟ ಪ್ರದೇಶದ ಜಾಗಕ್ಕೆ ಮಾರುಕಟ್ಟೆಗಿಂತ ಕಡಿಮೆ ಬೆಲೆ ಹೇಳಿಕೊಂಡು ಕೇಳದೆಯೇ ಬರುವವರನ್ನು ಮೂರು ತಿಂಗಳ ಮಟ್ಟಿಗೆ ನಿಷೇಧಿಸಿದ್ದರು. ಆ ಆದೇಶದ ಅವಧಿ ಮುಗಿದಿದೆ, ಈಗ ಯಾವ ನಿಯಮವಿದೆ ಎಂದು ಅವನು ವಿಚಾರಿಸಿಕೊಳ್ಳಲಿ. ಬೇರೆಡೆ ವಾಸಿಸುವ ಬಾಡಿಗೆಗೆ ವಿಮೆ ಕೊಡುವ ಹಣದ ಅವಧಿ ಅಲ್ಲಿ ಕನಿಷ್ಠ 2 ವರ್ಷ, ತನ್ನ ಕೈಮೀರಿದ ಕಾರಣಕ್ಕೆ ಮನೆ ತಡವಾದರೆ 3 ವರ್ಷದವರೆಗೆ ಬೆಳೆಸಲು ಅವಕಾಶವಿದೆ. ಬೆಳೆಸಿಕೊಡಿರೆಂದು ಅವನು ಬರವಣಿಗೆಯಲ್ಲಿ ಕೇಳಿದ್ದಾನೆಯೇ ವಿಚಾರಿಸಿ. ಮೊತ್ತದ ಮಿತಿ ಎಷ್ಟು ಉಳಿದಿದೆ ಎಂಬುದನ್ನೂ ಕೇಳಿ, ಏಕೆಂದರೆ ಅವಧಿಗೆ ಮೊದಲೇ ಮೊತ್ತ ಮುಗಿದವರನ್ನು ನಾನು ನೋಡಿದ್ದೇನೆ. ಆಲ್ಟಡೀನಾಕ್ಕೆ ತನ್ನದೇ ಆದ ನಗರಸಭೆ ಇಲ್ಲ, ಎಲ್ಲವೂ ಕೌಂಟಿಯ ಕೈಯಲ್ಲಿದೆ. ಆದ್ದರಿಂದ ಅವನ ಬೀದಿಯ ಪ್ರತಿನಿಧಿ ಯಾರೆಂದು ಹುಡುಕಿ ಅವರ ಜೊತೆಯಲ್ಲಿಯೇ ಕೌಂಟಿಯ ಕಚೇರಿಗೆ ಹೋಗಲಿ. ಅವನ ನಂಬರನ್ನು ನನಗೆ ಖಾಸಗಿ ಸಂದೇಶದಲ್ಲಿ ಕಳುಹಿಸಿ, ಈ ಶನಿವಾರ ಮಾತನಾಡುತ್ತೇನೆ.